ಪಾಪ ಎನ್ನುವ ಮೊದಲು

ನಮ್ಮ ಕಡೆ ಯಾರಿಗಾದರೂ ಕಷ್ಟ ಬಂತು ಎಂದು ಕೇಳಿದರೆ ಬಾಯಿಗೆ ಮೊದಲು ಬರುವ ಮಾತು 'ಪಾಪ'. 'ಪಾಪ, ಅವಳಿಗೆ ಹೀಗಾಯಿತಂತೆ.' ಅದೇ ಶಬ್ದಕ್ಕೆ ಇನ್ನೊಂದು ಅರ್ಥವೂ ಉಂಟು, ಪುಣ್ಯದ ಎದುರು ನಿಲ್ಲುವ ಪಾಪ. ಮೂವತ್ತು ವರ್ಷ ಮಕ್ಕಳಿಗೆ ಕನ್ನಡ ಕಲಿಸಿದವನು ನಾನು. ಒಂದೇ ಪದಕ್ಕೆ ಎರಡು ಅರ್ಥ ಬರೆಯಿರಿ ಎಂಬ ಪಾಠದಲ್ಲಿ ಇದನ್ನು ಎಷ್ಟೋ ಸಲ ಬೋರ್ಡಿನ ಮೇಲೆ ಬರೆದಿದ್ದೇನೆ, ಮಕ್ಕಳಿಂದ ಬರೆಸಿದ್ದೇನೆ. ಮರುಕವೂ ತಪ್ಪೂ ಒಂದೇ ಶಬ್ದದೊಳಗೆ ಒಟ್ಟಿಗೆ ಕುಳಿತಿರುವುದು ಸಣ್ಣ ಸಂಗತಿಯಲ್ಲ ಎಂದು ನನಗೆ ಗೊತ್ತಾದದ್ದು ಮಾತ್ರ ನಿವೃತ್ತನಾದ ಮೇಲೆ, ಅಕ್ಕನ ಕಾಯಿಲೆಯ ಕಾಲದಲ್ಲಿ.

ಅಕ್ಕನಿಗೆ ಎದೆಯ ಕ್ಯಾನ್ಸರ್. ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಬಲಬದಿಯ ಎದೆಯನ್ನೂ ಕಂಕುಳಿನ ಗ್ರಂಥಿಗಳನ್ನೂ ತೆಗೆದರು. ಆಮೇಲೆ ಕೀಮೋ, ಅದು ಮುಗಿದ ಮೇಲೆ ಕರೆಂಟ್ ಕೊಡುವುದು. ಭಾವ ತೀರಿಹೋದ ಮೇಲೆ ಅವಳು ನಮ್ಮ ಮನೆಯಲ್ಲೇ ಇರುವುದರಿಂದ ಇದೆಲ್ಲ ನಮ್ಮ ಕಣ್ಣೆದುರೇ ಆದದ್ದು. ಕೊನೆಯ ಸಲ ಮಂಗಳೂರಿನಿಂದ ಬಂದ ದಿನ ನಾನೂ ನನ್ನ ಹೆಂಡತಿಯೂ ಒಂದು ತೀರ್ಮಾನ ಮಾಡಿದೆವು: ಇನ್ನು ಅಕ್ಕ ಏನೂ ಮಾಡಬಾರದು. ಬಾವಿಕಟ್ಟೆಯಿಂದ ಕೊಡಪಾನ ತೆಗೆದಿಟ್ಟೆವು. ಹಿಡಿಸೂಡಿ ಅವಳ ಕೈಗೆ ಸಿಗದ ಹಾಗೆ ಕೊಟ್ಟಿಗೆಯ ಮೂಲೆಗೆ ಹೋಯಿತು. ಬೆಳಗ್ಗೆ ಅಂಗಳದ ಮಲ್ಲಿಗೆ ಕೊಯ್ಯುವುದು ಅವಳು ಮದುವೆಗೆ ಮೊದಲಿನಿಂದ ಮಾಡುತ್ತಿದ್ದ ಕೆಲಸ. ಅದನ್ನೂ ಬೇಡ ಅಂದೆವು. ಚಾವಡಿಯಲ್ಲಿ ಅಪ್ಪನ ಈಸಿ ಚೇರ್ ಹಾಕಿ ಅಲ್ಲಿ ಕೂರಿಸಿದೆವು. ನೋಡಲು ಬಂದವರು ಹಾರ್ಲಿಕ್ಸ್, ಕಿತ್ತಳೆ ತಂದು ಪಕ್ಕದ ಸ್ಟೂಲಿನ ಮೇಲಿಟ್ಟು, 'ಪಾಪ, ಆರಾಮ ಮಾಡಿ ಅಕ್ಕ' ಎಂದು ಹೇಳಿ ಹೋಗುತ್ತಿದ್ದರು. ನಾವು ಒಳ್ಳೆಯದನ್ನೇ ಮಾಡುತ್ತಿದ್ದೇವೆ ಎಂಬುದರಲ್ಲಿ ನನಗೆ ಎಳ್ಳಷ್ಟೂ ಸಂಶಯ ಇರಲಿಲ್ಲ.

ನಾಲ್ಕು ತಿಂಗಳು ಕಳೆಯಿತು. ಒಂದು ದಿನ ಮಧ್ಯಾಹ್ನ ಒಳಗಿನ ಕೋಣೆಯಲ್ಲಿ ಅಕ್ಕ ಎಡಗೈಯಿಂದ ತಲೆ ಬಾಚಲು ಹೆಣಗುವುದನ್ನು ನೋಡಿದೆ. ಬಲಗೈ ಭುಜದ ಮಟ್ಟಕ್ಕೆ ಕೂಡ ಏಳುತ್ತಿರಲಿಲ್ಲ. 'ಯಾವಾಗಿನಿಂದ ಹೀಗೆ?' ಎಂದು ಕೇಳಿದರೆ, 'ಏಳಿಸುವ ಕೆಲಸ ಇದ್ದರೆ ಅಲ್ಲವಾ ಗೊತ್ತಾಗುವುದು' ಅಂದಳು. ಸ್ವಲ್ಪ ಹೊತ್ತು ಬಿಟ್ಟು, ಸಿಟ್ಟಿನಿಂದಲೂ ಅಲ್ಲ, ಅಳುತ್ತಲೂ ಅಲ್ಲ, ಕೇಳಿದಳು: 'ನಾನು ಬದುಕಿ ಬಂದದ್ದು ಆ ಕುರ್ಚಿಗಾ?'

ಅದೇ ವಾರ ನಮ್ಮ ಪಂಚಾಯತಿನ ಪಾಲಿಯೇಟಿವ್ ನರ್ಸ್ ಪಕ್ಕದ ಮನೆಯ ಅಜ್ಜನನ್ನು ನೋಡಲು ಬಂದಿದ್ದರು. ಕರೆದು ತೋರಿಸಿದೆ. ಅವರು ಅಕ್ಕನ ಭುಜ ಮುಟ್ಟಿ ನೋಡಿ ನನ್ನ ಕಡೆ ತಿರುಗಿದರು. 'ಮಾಷೇ, ಆಸ್ಪತ್ರೆಯಲ್ಲಿ ವ್ಯಾಯಾಮದ ಕಾಗದ ಕೊಟ್ಟಿಲ್ಲವಾ?' ಕೊಟ್ಟಿದ್ದರು. ಬಿಲ್ಲುಗಳ ಜೊತೆ ಫೈಲಿನಲ್ಲಿತ್ತು. ನಾನೇ ಇಟ್ಟದ್ದು. ಗೋಡೆಗೆ ಮುಖ ಮಾಡಿ ನಿಂತು ಬೆರಳುಗಳನ್ನು ಇರುವೆ ಹತ್ತಿದ ಹಾಗೆ ಮೇಲೆ ಮೇಲೆ ಹತ್ತಿಸುವುದು, ಭುಜ ತಿರುಗಿಸುವುದು, ದಿನಾ ನಡೆಯುವುದು ಎಂದೆಲ್ಲ ಚಿತ್ರ ಸಮೇತ ಇತ್ತು. ಓದಿದ್ದೆ ಕೂಡ. ಆದರೆ 'ಈ ಸ್ಥಿತಿಯಲ್ಲಿ ಅವಳಿಂದ ಇದೆಲ್ಲ ಮಾಡಿಸುವುದಾ' ಎಂದು ಪಾಪ ಕಂಡು ಬದಿಗಿಟ್ಟಿದ್ದೆ. ಅವಳ ಕೈ ಕಟ್ಟಿಹಾಕಿದ್ದು ಕಾಯಿಲೆ ಮಾತ್ರ ಅಲ್ಲ, ನನ್ನ ಆ ಮರುಕವೂ ಹೌದು. ಇದನ್ನು ಬರೆಯುವಾಗಲೂ ನಾಚಿಕೆಯಾಗುತ್ತದೆ.

ನನ್ನ ಸಮಾಧಾನಕ್ಕೆ ಹೇಳುವುದಾದರೆ, ಒಂದು ಕಾಲಕ್ಕೆ ದೊಡ್ಡ ದೊಡ್ಡ ಡಾಕ್ಟರುಗಳೂ ಇದೇ ತಪ್ಪು ಮಾಡಿದ್ದಾರೆ. ಕಂಕುಳಿನ ಗ್ರಂಥಿ ತೆಗೆದವರಲ್ಲಿ ಕೆಲವರಿಗೆ ಆ ಕೈ ಬಾತುಕೊಳ್ಳುತ್ತದೆ, ಒಮ್ಮೆ ಬಾತರೆ ಪೂರ್ತಿ ಇಳಿಯುವುದು ಕಷ್ಟ. ಆದ್ದರಿಂದ ಆ ಕೈಯಲ್ಲಿ ಭಾರ ಎತ್ತಬೇಡಿ, ಜಗ್ಗಬೇಡಿ, ಮಗುವನ್ನೂ ಎತ್ತಿಕೊಳ್ಳಬೇಡಿ ಎಂದು ಹೇಳಿ ಕಳಿಸುವ ಪದ್ಧತಿ ಎಲ್ಲ ದೇಶಗಳಲ್ಲೂ ಇತ್ತು. 1996ರಲ್ಲಿ ಕೆನಡಾದ ವ್ಯಾಂಕೂವರ್ ನಗರದಲ್ಲಿ ಡಾನ್ ಮೆಕೆಂಜಿ ಎಂಬ ಕ್ರೀಡಾ ವೈದ್ಯರು ಇದು ನಿಜವೇ ಎಂದು ನೋಡಲು ಹೊರಟರು. ಎದೆಯ ಕ್ಯಾನ್ಸರಿನ ಚಿಕಿತ್ಸೆ ಮುಗಿಸಿದ 24 ಹೆಂಗಸರನ್ನು ಸೇರಿಸಿ, ಮೊದಲು ಮೈಗೆ ತಾಲೀಮು ಕೊಟ್ಟು, ಆಮೇಲೆ ಡ್ರ್ಯಾಗನ್ ದೋಣಿಯಲ್ಲಿ ಕೂರಿಸಿ ಹುಟ್ಟು ಹಾಕಿಸಿದರು. ನಮ್ಮ ಕೇರಳದ ವಳ್ಳಂಕಳಿ ಕಂಡವರಿಗೆ ಆ ದೋಣಿಯ ಅಂದಾಜು ಸಿಕ್ಕೀತು. ಚೀನಾ ಮೂಲದ ಉದ್ದದ ದೋಣಿ, ಎರಡು ಸಾಲಿನಲ್ಲಿ ಕುಳಿತವರು ಮುಂದಿನ ಡೋಲಿನ ಪೆಟ್ಟಿಗೆ ಸರಿಯಾಗಿ ಒಟ್ಟಿಗೆ ಹುಟ್ಟು ಹಾಕಬೇಕು. ಭುಜಕ್ಕೆ ಅದಕ್ಕಿಂತ ದೊಡ್ಡ ಕೆಲಸ ಬೇರೆ ಇಲ್ಲ. ಆ ಋತು ಮುಗಿಯುವಾಗ ಅವರಲ್ಲಿ ಯಾರಿಗೂ ಹೊಸದಾಗಿ ಕೈ ಬಾತಿರಲಿಲ್ಲ. ಮೊದಲೇ ಬಾವು ಇದ್ದವರಿಗೆ ಅದು ಹೆಚ್ಚಾಗಲೂ ಇಲ್ಲ. ಆ ಹೆಂಗಸರು ದೋಣಿ ಬಿಡಲಿಲ್ಲ. ಇವತ್ತು ಹಲವು ದೇಶಗಳಲ್ಲಿ ಅಂಥ ದೋಣಿ ತಂಡಗಳಿವೆ.

24 ಜನರಿಂದ ಏನು ಸಾಬೀತಾಗುತ್ತದೆ ಎಂದು ಗಣಿತದ ಮೇಷ್ಟ್ರುಗಳು ಕೇಳಬಹುದು, ಕೇಳಲೇಬೇಕು. 2009ರಲ್ಲಿ ಅಮೆರಿಕದಲ್ಲಿ ಕ್ಯಾಥ್ರಿನ್ ಶ್ಮಿಟ್ಸ್ ಎಂಬ ಸಂಶೋಧಕಿ ಪ್ರಕಟಿಸಿದ ಪರೀಕ್ಷೆಯಲ್ಲಿ ಕೈ ಬಾತ 141 ಹೆಂಗಸರಿದ್ದರು. ಅರ್ಧ ಜನ ವಾರಕ್ಕೆ ಎರಡು ಸಲ, ಹೇಳಿಕೊಡುವವರ ಕಣ್ಣೆದುರು ಶುರುಮಾಡಿ, ಕೈಗೆ ಬಿಗಿ ತೋಳು ಹಾಕಿಕೊಂಡು, ಸ್ವಲ್ಪ ಸ್ವಲ್ಪವೇ ಹೆಚ್ಚಿಸುತ್ತ ಭಾರ ಎತ್ತಿದರು. ಒಂದು ವರ್ಷದ ನಂತರ ನೋಡಿದರೆ ಭಾರ ಎತ್ತಿದವರ ಕೈ ಎತ್ತದವರ ಕೈಗಿಂತ ಹೆಚ್ಚು ಬಾತಿರಲಿಲ್ಲ. ಬಾವು ದಿಢೀರನೆ ಕೆರಳುವುದಂತೂ ಎತ್ತಿದವರಲ್ಲೇ ಕಡಿಮೆ. ಚಿಕಿತ್ಸೆಯ ನಂತರದ ಸುಸ್ತಿನ ಬಗ್ಗೆಯೂ ಹೀಗೆಯೇ. ಅದು ಗದ್ದೆ ಕೆಲಸ ಮಾಡಿ ಬಂದ ಸುಸ್ತಲ್ಲ, ಮಲಗಿದರೆ ಹೋಗುವುದಿಲ್ಲ. ಮಲಗಿದಷ್ಟೂ ಮಾಂಸಖಂಡ ಸೊರಗಿ ಸುಸ್ತು ಬೆಳೆಯುತ್ತದೆ, ನಡೆದರೆ ಕಡಿಮೆಯಾಗುತ್ತದೆ. ಅಕ್ಕನನ್ನು ಕುರ್ಚಿಯಲ್ಲಿ ಕೂರಿಸಿ ನಾವು ಸಾಕುತ್ತಿದ್ದದ್ದು ಆ ಸುಸ್ತನ್ನೇ. ಹೀಗೆಂದು ಎಲ್ಲರೂ ನಾಳೆಯೇ ಕೊಡಪಾನ ಎತ್ತಿ ಎಂದು ನಾನು ಹೇಳುತ್ತಿಲ್ಲ. ಎಲುಬಿಗೆ ಕಾಯಿಲೆ ಹರಡಿದವರು, ರಕ್ತ ತುಂಬ ಕಡಿಮೆ ಇರುವವರು, ಹೃದಯದ ತೊಂದರೆ ಇರುವವರು ಡಾಕ್ಟರಲ್ಲಿ ಕೇಳದೆ ಹೊರಡಬಾರದು.

ಇಷ್ಟು ತಿಳಿದ ಮೇಲೆ ದಾರಿ ಸುಲಭ ಎಂದುಕೊಂಡೆ. ಅಕ್ಕ ಅಡಿಗೆಕೋಣೆಯ ಹೊರಗಿನ ಗೋಡೆಯಲ್ಲಿ ಬೆರಳು ಹತ್ತಿಸಲು ಶುರುಮಾಡಿದಳು. ಅವಳ ಬೆರಳು ತಲುಪಿದಲ್ಲಿ ನಾನು ಪೆನ್ಸಿಲಿನಲ್ಲಿ ಗೆರೆ ಹಾಕುತ್ತಿದ್ದೆ, ಶಾಲೆಯಲ್ಲಿ ಮಕ್ಕಳ ಎತ್ತರಕ್ಕೆ ಹಾಕುವ ಹಾಗೆ. ಸಂಜೆ ನಾವಿಬ್ಬರೂ ವಾಚನಾಲಯದಿಂದ ತೋಡಿನ ಸಂಕದವರೆಗೆ ನಡೆಯುತ್ತಿದ್ದೆವು. ದಾರಿಯಲ್ಲಿ ನೋಡಿದವರು 'ಪಾಪ, ಈ ಪ್ರಾಯದಲ್ಲಿ, ಈ ಕಾಯಿಲೆಯಲ್ಲಿ ನಡೆಸುತ್ತೀರಲ್ಲ ಮಾಸ್ಟ್ರೆ' ಎಂದು ನನಗೇ ಬೈದರು. ಅಕ್ಕ ನಕ್ಕಳು. ಆಪರೇಷನ್ ಆದ ಮೇಲೆ ಅವಳು ಬಾಯಿ ತುಂಬ ನಕ್ಕದ್ದು ಅವತ್ತೇ ಮೊದಲು.

ಒಂದೆರಡು ತಿಂಗಳಲ್ಲಿ ನಾವು ಏಳು ಜನ ಆದೆವು. ಇಲ್ಲಿ ಒಂದು ತೊಡಕು ಬಂತು. ಕ್ಯಾನ್ಸರ್ ಆಗಿ ಗುಣವಾದವರು ನಮ್ಮ ವಾರ್ಡಿನಲ್ಲಿ ಇನ್ನೂ ಕೆಲವರು ಇದ್ದಾರೆಂದು ಆಶಾ ಕಾರ್ಯಕರ್ತೆಗೆ ಗೊತ್ತಿತ್ತು. ಆದರೆ ಅವರು ಬರಲು ಒಪ್ಪಲಿಲ್ಲ. ಒಬ್ಬರ ಮಗಳಿಗೆ ಸಂಬಂಧ ನೋಡುತ್ತಿದ್ದರು. ತಾಯಿಗೆ 'ಆ ಕಾಯಿಲೆ' ಎಂದು ಗೊತ್ತಾದರೆ ಕೂಡಿಬಂದ ಮಾತು ಮುರಿಯುತ್ತದೆ ಎಂಬ ಹೆದರಿಕೆ. ಆ ಹೆದರಿಕೆ ಸುಳ್ಳಲ್ಲ ಎಂದು ನಮಗೆಲ್ಲ ಗೊತ್ತುಂಟು. ಹಾಗಾಗಿ ಶುಗರಿನವರು, ಪ್ರೆಶರಿನವರು, ಮೊಣಕಾಲು ನೋವಿನವರು, ಏನೂ ಇಲ್ಲದೆ ಬರೀ ಮಾತಾಡಲು ಬರುವವರು, ಎಲ್ಲರನ್ನೂ ಸೇರಿಸಿಕೊಂಡೆವು. ಯಾರಿಗೆ ಏನು ಎಂದು ಯಾರೂ ಕೇಳುವುದಿಲ್ಲ. ಈಗ ಹೊರಗಿನವರು ನೋಡಿದರೆ ಹಳ್ಳಿಯ ಕೆಲವು ಮಂದಿ ಸಂಜೆ ಸುಮ್ಮನೆ ನಡೆಯುತ್ತಾರೆ, ಅಷ್ಟೆ. ಗುಂಪಿಗೆ ಹೆಸರು ಇಡುವ ಎಂದು ಯಾರೋ ಹೇಳಿದರು, ನಾನು ಬೇಡ ಅಂದೆ. ಹೆಸರು ಇಟ್ಟರೆ ಬೋರ್ಡ್ ಬರುತ್ತದೆ, ಬೋರ್ಡ್ ಬಂದರೆ ಅಧ್ಯಕ್ಷರು ಬರುತ್ತಾರೆ.

ಇನ್ನೊಂದು ತೊಡಕು ಬೀಡಿ ಕಟ್ಟುವ ತಂಗಿಯೊಬ್ಬಳದು. ಗರ್ಭಕೋಶದ ಕ್ಯಾನ್ಸರ್ ಆಗಿ ಚಿಕಿತ್ಸೆ ಮುಗಿಸಿ ಬಂದವಳು. ನಡೆಯಲು ಬಾ ಎಂದು ನನ್ನ ಹೆಂಡತಿ ಕರೆದದ್ದಕ್ಕೆ, 'ಅರ್ಧ ಗಂಟೆ ಎದ್ದರೆ ಎಷ್ಟು ಬೀಡಿ ಹೋಗ್ತದೆ ಗೊತ್ತುಂಟಾ ಅಮ್ಮ' ಎಂದು ಕೇಳಿದಳಂತೆ. ಪೆನ್ಶನ್ ತಿನ್ನುವ ನನ್ನಂಥವನು ಆರೋಗ್ಯದ ಮಾತು ಹೇಳುವಾಗ ಈ ಪ್ರಶ್ನೆ ಎದುರಿಗೆ ಇರಬೇಕು. ನಾವು ಅವಳ ಪರವಾಗಿ ಏನೇನೋ ಯೋಚಿಸಿದೆವು, ಅವಳ ಸೂಪಿಗೆ ಬೇರೆಯವರು ಒಂದೊಂದು ಕಟ್ಟು ಹಾಕುವುದು ಇತ್ಯಾದಿ. ಅವಳಿಗೆ ಅದು ಬೇಡ. ಕೊನೆಗೆ ಅವಳೇ ದಾರಿ ತೋರಿಸಿದಳು: 'ಬೀಡಿ ಕೊಡಲು ಬ್ರಾಂಚಿಗೆ ನಾನು ಹೇಗೂ ಹೋಗಬೇಕು, ರಿಕ್ಷಾದಲ್ಲಿ ಹೋಗ್ತೇನೆ. ನೀವು ಆ ಕಡೆಗೇ ನಡೆಯುವುದಾದರೆ ನಾನೂ ನಡೀತೇನೆ. ರಿಕ್ಷಾದ ದುಡ್ಡೂ ಉಳಿಯಿತು.' ಹಾಗೆ ವಾರಕ್ಕೆ ಎರಡು ದಿನ ನಮ್ಮ ನಡಿಗೆ ಬೀಡಿ ಬ್ರಾಂಚಿನ ಕಡೆಗೆ ತಿರುಗಿತು. ಹೋಗುವಾಗ ಏರು ಉಂಟು, ನನಗೇ ಏದುಸಿರು.

ಈಗ ನಾನು ಕೇಳಬೇಕೆಂದಿದ್ದ ಪ್ರಶ್ನೆಗೆ ಬರುತ್ತೇನೆ. 2025ರಲ್ಲಿ ಒಂದು ದೊಡ್ಡ ಪರೀಕ್ಷೆಯ ಫಲ ಹೊರಬಂತು. ದೊಡ್ಡ ಕರುಳಿನ ಕ್ಯಾನ್ಸರಿಗೆ ಆಪರೇಷನ್, ಕೀಮೋ ಎರಡೂ ಮುಗಿಸಿದ 889 ಜನ, ಹೆಚ್ಚಿನವರು ಕೆನಡಾ ಮತ್ತು ಆಸ್ಟ್ರೇಲಿಯದವರು. ಅರ್ಧ ಜನಕ್ಕೆ ಆರೋಗ್ಯದ ಬಗ್ಗೆ ಪುಸ್ತಕ ಮಾತ್ರ ಕೊಟ್ಟರು. ಉಳಿದ ಅರ್ಧಕ್ಕೆ ಪುಸ್ತಕದ ಜೊತೆ ಮೂರು ವರ್ಷ ವ್ಯಾಯಾಮ, ಅದಕ್ಕೆ ಬೆನ್ನು ಹಿಡಿದು ಪ್ರೋತ್ಸಾಹಿಸುವ ಒಬ್ಬ ಮಾರ್ಗದರ್ಶಿ. ಹೆಚ್ಚಿನವರು ಮಾಡಿದ್ದು ಬಿರುಸಿನ ನಡಿಗೆ, ಅಷ್ಟೆ. ಎಂಟು ವರ್ಷದ ಲೆಕ್ಕದಲ್ಲಿ ವ್ಯಾಯಾಮದವರಲ್ಲಿ ನೂರಕ್ಕೆ ಸುಮಾರು 90 ಜನ ಬದುಕಿದ್ದರು, ಪುಸ್ತಕ ಮಾತ್ರ ಸಿಕ್ಕಿದವರಲ್ಲಿ 83. ಒಳ್ಳೆಯ ಔಷಧಕ್ಕೆ ಕಡಿಮೆಯಿಲ್ಲದ ಫಲ ಎಂದು ಡಾಕ್ಟರುಗಳೇ ಬೆರಗಾದರು. ಇದು ದೊಡ್ಡ ಕರುಳಿನ ಕಾಯಿಲೆಯ ಮಾತು, ಅಕ್ಕನ ಕಾಯಿಲೆಗೆ ಹಾಗೇ ಹೊಂದಿಸಲು ಬರುವುದಿಲ್ಲ. ಆದರೂ ಪತ್ರಿಕೆಯಲ್ಲಿ ಓದಿದ ದಿನ ನಾನು ಅದನ್ನು ಗುಂಪಿನಲ್ಲಿ ಜೋರಾಗಿ ಓದಿ ಹೇಳಿದೆ. ಮೇಷ್ಟ್ರ ಬುದ್ಧಿ ಬಿಡುವುದಿಲ್ಲವಲ್ಲ.

ಆ ದಿನ ನಮ್ಮ ಏಳು ಜನರಲ್ಲಿ ಒಬ್ಬರು ಬಂದಿರಲಿಲ್ಲ. ನಮಗಿಂತ ಚುರುಕಾಗಿ ನಡೆಯುತ್ತಿದ್ದ ಅಡಿಕೆ ತೋಟದ ಅತ್ತೆ ಅವರು, ಊರಿಗೆಲ್ಲ ಅತ್ತೆ. ಒಂದು ದಿನವೂ ತಪ್ಪಿಸಿದವರಲ್ಲ. ಅವರ ಕಾಯಿಲೆ ಮರಳಿ ಬಂದಿತ್ತು. ಎರಡು ವಾರ ಕಳೆದು ನಾವು ನೋಡಲು ಹೋದಾಗ ಜಗಲಿಯಲ್ಲಿ ಮಲಗಿದ್ದರು. ಮೊದಲು ಆಡಿದ ಮಾತು: 'ಮಾಸ್ಟ್ರೆ, ನಾನು ನಡೆದದ್ದು ಸಾಲದಾಯಿತಾ?'

ನನಗೆ ನೆಲ ಕುಸಿದ ಹಾಗಾಯಿತು. ನಾನು ಓದಿ ಹೇಳಿದ ಮಾತು ಯಾರಿಂದಲೋ ಅವರ ಕಿವಿಗೂ ಬಿದ್ದಿತ್ತು. ನಡೆದವರು ಬದುಕುತ್ತಾರೆ ಎಂದು ಕೇಳಿದವರಿಗೆ, ಬದುಕದವರು ನಡೆಯಲಿಲ್ಲ ಎಂದು ಅರ್ಥವಾಗಲು ಎಷ್ಟು ಹೊತ್ತು ಬೇಕು? ಹಿಂದೆ 'ಯಾವ ಜನ್ಮದ ಪಾಪವೋ' ಎನ್ನುತ್ತಿದ್ದೆವು. ಈಗ 'ಆರೋಗ್ಯ ನೋಡಿಕೊಳ್ಳಲಿಲ್ಲ' ಎನ್ನುತ್ತೇವೆ. ಮಾತು ಹೊಸದು, ತಕ್ಕಡಿ ಅದೇ. ನಮ್ಮ ಜಿಲ್ಲೆಯವರಾದರೂ ಇದನ್ನು ಬೇರೆಯವರಿಗಿಂತ ಮೊದಲು ತಿಳಿಯಬೇಕಿತ್ತು. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ 2000ದವರೆಗೆ ಎಂಡೋಸಲ್ಫಾನ್ ಸುರಿದ ನಾಡು ಇದು. ಆ ಊರುಗಳಲ್ಲಿ ಮಕ್ಕಳು ಹುಟ್ಟುವಾಗಲೇ ನರಳಿದ್ದನ್ನು ಕಂಡು, ದೈವದ ಮುನಿಸು ಎಂದು ನಂಬಿ ತಾಯಂದಿರು ತಮ್ಮನ್ನೇ ಹಳಿದುಕೊಂಡಿದ್ದರು.

ಅತ್ತೆಗೆ ಆ ದಿನ ನಾನು ಸರಿಯಾದ ಉತ್ತರ ಕೊಡಲಿಲ್ಲ, 'ಹಾಗೆಲ್ಲ ಯೋಚನೆ ಮಾಡಬೇಡಿ' ಎಂದು ಏನೋ ಹೇಳಿದೆ. ಈಗ ಹೇಳುವುದಾದರೆ ಲೆಕ್ಕವನ್ನೇ ಇನ್ನೊಮ್ಮೆ ಓದಬೇಕು. ನೂರಕ್ಕೆ 90 ಎಂದರೆ ಮೂರು ವರ್ಷದ ವ್ಯಾಯಾಮದ ಗುಂಪಿನಲ್ಲಿದ್ದೂ ಹತ್ತು ಜನ ಹೋದರು. ಪುಸ್ತಕ ಮಾತ್ರ ಸಿಕ್ಕಿದವರಲ್ಲಿ 83 ಜನ ಬದುಕಿದರು. ಇವರಲ್ಲಿ ಯಾರು ಹೆಚ್ಚು ಗಟ್ಟಿ ಮನಸ್ಸಿನವರು, ಯಾರು ಸೋಮಾರಿಗಳು ಎಂದು ಆ ಲೆಕ್ಕ ಹೇಳುವುದಿಲ್ಲ. ಅದು ನೂರು ಜನರ ಬಗ್ಗೆ ಮಾತಾಡುತ್ತದೆ, ಒಬ್ಬರ ಬಗ್ಗೆ ಮೌನವಾಗಿದೆ. ಪಂಚಾಯತು, ಆಸ್ಪತ್ರೆ, ಊರು ಏನು ಮಾಡಬೇಕು ಎಂದು ತೀರ್ಮಾನಿಸಲು ಆ ಲೆಕ್ಕ ಬೇಕು. ಜಗಲಿಯಲ್ಲಿ ಮಲಗಿದವರ ಎದುರು ಅದನ್ನು ತೆಗೆಯಬಾರದು.

ಹಾಗಾದರೆ ಯಾರಿಗೂ ನಡೆಯಿರಿ ಎಂದು ಹೇಳುವುದೇ ಬೇಡವೇ? ಇಲ್ಲಿ ನಾನು ತುಂಬ ದಿನ ಸಿಕ್ಕಿಹಾಕಿಕೊಂಡೆ. ಸುಮ್ಮನಿರಿ ಎಂದು ಹೇಳಿ ಅಕ್ಕನ ಕೈ ಕೆಡಿಸಿದೆ. ನಡೆಯಿರಿ ಎಂದು ಹೇಳಿ ಅತ್ತೆಯ ಮನಸ್ಸು ನೋಯಿಸಿದೆ. ಎರಡು ಸಲವೂ ನಾನು ಮಾಡಿದ ಕೆಲಸ ಒಂದೇ, ಕುಳಿತಲ್ಲಿಂದ ಹೇಳುವುದು. ಬೀಡಿಯ ತಂಗಿಯ ಸಂಗತಿಯಲ್ಲಿ ಮಾತ್ರ ನಾವು ಹೇಳುವುದನ್ನು ಬಿಟ್ಟು ಅವಳು ಹೋಗುವ ಕಡೆಗೆ ಜೊತೆಗೆ ಹೋದೆವು. ಆ ದೊಡ್ಡ ಪರೀಕ್ಷೆಯಲ್ಲೂ ಎರಡು ಗುಂಪಿಗೂ ಪುಸ್ತಕ ಸಿಕ್ಕಿತ್ತಲ್ಲ. ಉಪದೇಶಕ್ಕೆ ಕೊರತೆ ಇರಲಿಲ್ಲ. ಒಂದು ಗುಂಪಿಗೆ ಹೆಚ್ಚಿಗೆ ಸಿಕ್ಕಿದ್ದು ಮೂರು ವರ್ಷ ಬಿಡದೆ ಬರುವ ಒಬ್ಬ ಮನುಷ್ಯ.

ಇಂಥ ಕೆಲಸ ನಮ್ಮ ರಾಜ್ಯಕ್ಕೆ ಹೊಸದಲ್ಲ. 1993ರಲ್ಲಿ ಕೋಝಿಕ್ಕೋಡಿನ ಮೆಡಿಕಲ್ ಕಾಲೇಜಿನಲ್ಲಿ ಡಾ. ಎಂ. ಆರ್. ರಾಜಗೋಪಾಲ್ ಮತ್ತು ಡಾ. ಸುರೇಶ್ ಕುಮಾರ್ ಮೊದಲಾದವರು ನೋವು ನಿವಾರಣೆಗೆಂದು ಶುರುಮಾಡಿದ ಸಣ್ಣ ಸಂಸ್ಥೆ ಮುಂದೆ ಮಲಬಾರಿನ ಹಳ್ಳಿ ಹಳ್ಳಿಗೆ ಹಬ್ಬಿತು. ವಾರಕ್ಕೆ ಕೆಲವು ಗಂಟೆ ಕೊಡಬಲ್ಲ ಸಾಮಾನ್ಯ ಜನ, ಮೇಷ್ಟ್ರುಗಳು, ಅಂಗಡಿಯವರು, ವಿದ್ಯಾರ್ಥಿಗಳು, ತರಬೇತಿ ಪಡೆದು ರೋಗಿಗಳ ಮನೆಗೆ ಹೋಗತೊಡಗಿದರು. 2008ರಲ್ಲಿ ಕೇರಳ ಸರಕಾರ ಪಾಲಿಯೇಟಿವ್ ನೀತಿಯನ್ನೇ ತಂದಿತು. ನಮ್ಮ ಪಂಚಾಯತಿನ ನರ್ಸ್ ಮನೆ ಬಾಗಿಲಿಗೆ ಬರುವುದು ಅದರಿಂದಲೇ. ಪಾಲಿಯೇಟಿವ್ ಎಂದರೆ ಸಾಯುವವರಿಗೆ ಮಾತ್ರ ಎಂದು ತಿಳಿದವರು ತಪ್ಪು ತಿಳಿದಿದ್ದಾರೆ. ಆದರೆ ನಮ್ಮ ಊರಿನ ಮಟ್ಟಿಗೆ ಒಂದು ಮಾತು ನಿಜ: ಹಾಸಿಗೆ ಹಿಡಿದವರ ಮನೆಗೆ ನಾವು ಹೋಗುತ್ತೇವೆ, ಎದ್ದು ಕುಳಿತವರನ್ನು ಮರೆಯುತ್ತೇವೆ. ಹಾರ್ಲಿಕ್ಸ್ ಮುಗಿಯುವಷ್ಟರಲ್ಲಿ ಜನ ಬರುವುದೂ ಮುಗಿದಿರುತ್ತದೆ.

ಅತ್ತೆ ಮಲಗಿದ ಮೇಲೆ ನಮ್ಮ ದಾರಿ ಇನ್ನೊಮ್ಮೆ ಬದಲಾಯಿತು. ಬ್ರಾಂಚಿಗೆ ಹೋಗದ ದಿನಗಳಲ್ಲಿ ಅವರ ಮನೆಯ ಪಕ್ಕದ ಹುಣಿಯ ಮೇಲೆ ಹೋಗಿ ಜಗಲಿಯಲ್ಲಿ ಹತ್ತು ನಿಮಿಷ ಕುಳಿತು ಹೊರಡುತ್ತಿದ್ದೆವು. ಕಾಯಿಲೆಯ ಮಾತು ಯಾರೂ ತೆಗೆಯುತ್ತಿರಲಿಲ್ಲ. ಅಡಿಕೆಯ ರೇಟು, ಕುಂಬಳೆಯ ಬಸ್ಸು, ಯಾರ ಮನೆಯ ಪೂಜೆ. ಒಮ್ಮೆ ಅವರು ಅಕ್ಕನ ಕೈ ಹಿಡಿದು ಮೇಲೆ ಎತ್ತಿಸಿ ನೋಡಿದರು. 'ಈಗ ತೊಲೆಗೆ ತಾಗುತ್ತದಾ?' ಎಂದು ಕೇಳಿದರು. ಅಕ್ಕ ಸ್ಟೂಲು ಹತ್ತಿ ತಾಗಿಸಿ ತೋರಿಸಿದಳು. ಅತ್ತೆಗೆ ಅದು ಭಾರೀ ತಮಾಷೆ ಕಂಡಿತು. ಅವರು ತೀರಿಹೋಗಿ ಈಗ ಎಂಟು ತಿಂಗಳು. ಅವರ ಸೊಸೆ ನಮ್ಮ ಜೊತೆ ನಡೆಯಲು ಬರುತ್ತಾಳೆ. ಅವಳಿಗೆ ಯಾವ ಕಾಯಿಲೆಯೂ ಇಲ್ಲ, ಇದ್ದರೂ ನಾವು ಕೇಳಿಲ್ಲ.

ಮಳೆಗಾಲ ಹತ್ತಿರ ಬಂತು. ಆಟಿ ತಿಂಗಳಲ್ಲಿ ಹುಣಿಯ ಮೇಲೆ ಕಾಲಿಡಲು ಆಗುವುದಿಲ್ಲ, ಸಂಕವಂತೂ ನೀರಿನಡಿಯಲ್ಲಿರುತ್ತದೆ. ಆದ್ದರಿಂದ ಸಂಜೆ ಐದರಿಂದ ಆರರವರೆಗೆ ವಾಚನಾಲಯದ ಹಾಲಿನಲ್ಲೇ ಸುತ್ತು ನಡೆಯಲು ಸಮಿತಿಯವರು ಒಪ್ಪಿದ್ದಾರೆ. ಪೇಪರ್ ಓದುವವರಿಗೆ ಒಂದು ಗಂಟೆ ಸ್ವಲ್ಪ ತೊಂದರೆಯಾಗಬಹುದು, ಸಹಿಸಿಕೊಳ್ಳಬೇಕು. ನಡುವಿನ ಉದ್ದದ ಬೆಂಚುಗಳನ್ನು ದಿನಾ ಗೋಡೆಗೆ ಸರಿಸಿ ಮತ್ತೆ ಮೊದಲಿನ ಹಾಗೆ ಇಡಬೇಕಾಗುತ್ತದೆ. ಹಲಸಿನ ಮರದ ಬೆಂಚು, ಒಬ್ಬರಿಂದ ಆಗುವ ಕೆಲಸ ಅಲ್ಲ. ಒಂದು ಬದಿ ಅಕ್ಕ ಹಿಡಿಯುತ್ತಾಳಂತೆ. ಇನ್ನೊಂದು ಬದಿಗೆ ಯಾರಾದರೂ ಐದು ನಿಮಿಷ ಮೊದಲು ಬನ್ನಿ.